ನೆಟ್‌ವರ್ಕ್ ಡ್ರೈವಿನಿಂದ ಡೈರೆಕ್ಟ್ ರೀಡ್: ಮೆಮೊರಿ ಮಿತಿ ಲೆಕ್ಕ ಹಾಕಿ ಓದುವ ಸಮಗ್ರ ಮಾರ್ಗದರ್ಶಿ

ಕಾಸರಗೋಡು ಕಡೆ ಯಕ್ಷಗಾನ ಆಟ ರೆಕಾರ್ಡ್ ಮಾಡುವವರಿಗೆ ದೀಪಾವಳಿಯಿಂದ ಪತ್ತನಾಜೆವರೆಗೆ, ಅಂದರೆ ಮೇ ಕೊನೆಯವರೆಗೆ, ಬಿಡುವಿಲ್ಲ. ಇವತ್ತು ಕುಂಬಳೆ, ನಾಳೆ ಬದಿಯಡ್ಕ, ನಾಡಿದ್ದು ಮಂಜೇಶ್ವರ. ಸೆಕೆಂಡಿಗೆ 100 ಮೆಗಾಬಿಟ್ ಗುಣಮಟ್ಟದಲ್ಲಿ ಶೂಟ್ ಮಾಡಿದರೆ ಗಂಟೆಗೆ 45 ಜಿಬಿ ತುಂಬುತ್ತದೆ. ಇಡೀ ರಾತ್ರಿಯ ಆಟ, 8 ಗಂಟೆ ಅಂತ ಇಟ್ಟುಕೊಂಡರೆ, ಒಂದು ಕ್ಯಾಮೆರಾದಿಂದಲೇ 360 ಜಿಬಿ. ಬೆಳಿಗ್ಗೆ ಬಂದು ಕಾರ್ಡಿನಲ್ಲಿದ್ದದ್ದನ್ನು ನಾಸ್ ಪೆಟ್ಟಿಗೆಗೆ, ಅಂದರೆ ನೆಟ್‌ವರ್ಕಿಗೆ ಜೋಡಿಸಿದ ಡಿಸ್ಕ್ ಪೆಟ್ಟಿಗೆಗೆ, ಹಾಕಬೇಕು, ಕಾರ್ಡ್ ಫಾರ್ಮ್ಯಾಟ್ ಮಾಡಿ ಸಂಜೆ ಮತ್ತೆ ಹೊರಡಬೇಕು.

ಕಾಪಿ ಮತ್ತು ಫಾರ್ಮ್ಯಾಟ್ ನಡುವೆ ಒಂದು ಕೆಲಸ ಇದೆ: ನಾಸ್‌ಗೆ ಹೋದ ಫೈಲು ಕಾರ್ಡಿನಲ್ಲಿದ್ದ ಹಾಗೆಯೇ ಇದೆಯಾ ಅಂತ ನೋಡುವುದು. ವಯಸ್ಸಾದ ಭಾಗವತರೊಬ್ಬರ ಪದ್ಯ ಹಾಳಾದರೆ ಮತ್ತೆ ಹೇಳಿಸಲಿಕ್ಕೆ ಆಗುವುದಿಲ್ಲ. ಹಾಗಾಗಿ ಈ ಕೆಲಸವನ್ನು ಸುಮ್ನೆ ಮಾಡಿದ ಹಾಗೆ ಮಾಡಬಾರದು. ಇದಕ್ಕೆ ಸರಿಯಾದ ದಾರಿ ಡೈರೆಕ್ಟ್ ರೀಡ್, ಅಂದರೆ ಕಂಪ್ಯೂಟರ್ ಇಟ್ಟುಕೊಂಡ ತಾತ್ಕಾಲಿಕ ಪ್ರತಿಯನ್ನು (ಕ್ಯಾಶ್) ಬಿಟ್ಟು ನೇರ ಓದುವುದು. ಅದರ ಜೊತೆಗೇ ಬರುವ ತೊಂದರೆ ಮೆಮೊರಿ ಮಿತಿ. ಎರಡನ್ನೂ ಇಲ್ಲಿ ಒಂದೊಂದೇ ಹೆಜ್ಜೆಯಾಗಿ ನೋಡೋಣ. ಎಲ್ಲವೂ ಲಿನಕ್ಸ್ ಯಂತ್ರಕ್ಕೆ ಸಂಬಂಧಿಸಿದ್ದು. ನಾಸ್ ಕಡೆ ಎನ್‌ಎಫ್‌ಎಸ್ ಇರಬಹುದು, ಎಸ್‌ಎಂಬಿ ಇರಬಹುದು; ಎರಡೂ ನೆಟ್‌ವರ್ಕಿನಲ್ಲಿ ಫೈಲ್ ಹಂಚುವ ವಿಧಾನಗಳು.

ಹೆಜ್ಜೆ 1: ಡೈರೆಕ್ಟ್ ರೀಡ್ ನಿಮಗೆ ನಿಜಕ್ಕೂ ಬೇಕಾ?

ಮಾಮೂಲಿ ರೀತಿಯಲ್ಲಿ ಫೈಲ್ ಓದಿದಾಗ ಕರ್ನಲ್ (ಲಿನಕ್ಸ್‌ನ ಮೂಲ ಭಾಗ) ಆ ಡೇಟಾವನ್ನು ಪೇಜ್ ಕ್ಯಾಶ್‌ನಲ್ಲಿ, ಅಂದರೆ ಮೆಮೊರಿಯ ಒಂದು ಭಾಗದಲ್ಲಿ, ಇಟ್ಟುಕೊಳ್ಳುತ್ತದೆ. ಈಗ ತಾನೇ ಕಾಪಿ ಮಾಡಿದ ಫೈಲನ್ನು ಕೂಡಲೇ ಓದಿ ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕ ಹಾಕುವ ಗುರುತಿನ ಸಂಖ್ಯೆ) ತೆಗೆದರೆ ಅದರ ಒಂದು ಭಾಗ ನಿಮ್ಮದೇ ಕಂಪ್ಯೂಟರಿನ ಕ್ಯಾಶ್‌ನಿಂದ ಬರಬಹುದು. ನಾಸ್‌ನಲ್ಲಿ ಏನಿದೆ ಅನ್ನುವುದು ಅದರಿಂದ ಗೊತ್ತಾಗುವುದೇ ಇಲ್ಲ. ಓ-ಡೈರೆಕ್ಟ್ ಅನ್ನುವ ಫ್ಲ್ಯಾಗ್ ಹಾಕಿ ಫೈಲ್ ತೆರೆದರೆ ಕರ್ನಲ್ ಈ ಕ್ಯಾಶನ್ನು ಬಿಟ್ಟು, ಡೇಟಾವನ್ನು ನೆಟ್‌ವರ್ಕಿನಿಂದ ನೇರ ನಿಮ್ಮ ಪ್ರೋಗ್ರಾಮಿನ ಬಫರಿಗೆ (ಅದು ಮೀಸಲಿಟ್ಟ ಮೆಮೊರಿಗೆ) ತರುತ್ತದೆ. ಲಿನಕ್ಸ್‌ನಲ್ಲಿ ಈ ಫ್ಲ್ಯಾಗ್ 2.4.10 ಆವೃತ್ತಿಯಿಂದ ಇದೆ.

ಒಂದು ಎಚ್ಚರ. ಎನ್‌ಎಫ್‌ಎಸ್‌ನಲ್ಲಿ ಈ ಫ್ಲ್ಯಾಗ್ ಸರ್ವರ್‌ವರೆಗೆ ಹೋಗುವುದಿಲ್ಲ. ಕ್ಲೈಂಟ್ ಕಡೆಯ, ಅಂದರೆ ನಿಮ್ಮ ಕಂಪ್ಯೂಟರಿನ, ಕ್ಯಾಶ್ ಮಾತ್ರ ತಪ್ಪುತ್ತದೆ. ನಾಸ್ ತನ್ನ ಕ್ಯಾಶ್‌ನಿಂದಲೇ ಉತ್ತರ ಕೊಡಬಹುದು. ಡಿಸ್ಕಿನಿಂದಲೇ ಬರಬೇಕು ಅಂತಿದ್ದರೆ ನಾಸ್‌ನಲ್ಲಿ ಸಿಂಕ್ ಮಾಡಿ, ಅದರ ಕ್ಯಾಶ್ ಖಾಲಿ ಮಾಡಿ, ಇಲ್ಲವೇ ಒಮ್ಮೆ ರೀಸ್ಟಾರ್ಟ್ ಮಾಡಿ ಆಮೇಲೆ ಓದಿ.

ಪರಿಶೀಲನೆ ನಿಮ್ಮ ಉದ್ದೇಶವಲ್ಲ, ದೊಡ್ಡ ಫೈಲ್ ಓದುವಾಗ ಕ್ಯಾಶ್ ತುಂಬಿ ಬೇರೆ ಕೆಲಸ ನಿಧಾನ ಆಗಬಾರದು ಅಷ್ಟೇ ಅಂತಾದರೆ ಡೈರೆಕ್ಟ್ ರೀಡ್ ಬೇಡ. ಫೈಲ್ ಓದಿ ಕಾಪಿ ಮಾಡುವ ಡಿಡಿ ಕಮಾಂಡಿನಲ್ಲಿ 'ನೋಕ್ಯಾಶ್' ಅನ್ನುವ ಇನ್‌ಪುಟ್ ಫ್ಲ್ಯಾಗ್ ಇದೆ. ಅದು ಮಾಮೂಲಿಯಾಗಿಯೇ ಓದಿ, ಓದಿದ ಭಾಗವನ್ನು ಕ್ಯಾಶ್‌ನಿಂದ ಬಿಡಲು ಕರ್ನಲ್‌ಗೆ ಹೇಳುತ್ತದೆ. ಮುಂದಿನ ಭಾಗವನ್ನು ಮೊದಲೇ ತಂದಿಡುವ ಸೌಲಭ್ಯವೂ ಉಳಿಯುತ್ತದೆ. ಎಷ್ಟೋ ಜನರಿಗೆ ಇಷ್ಟೇ ಸಾಕು.

ಹೆಜ್ಜೆ 2: ಮೆಮೊರಿ ಎಲ್ಲೆಲ್ಲಿ ಹೋಗುತ್ತದೆ ಅಂತ ತಿಳಿದುಕೊಳ್ಳಿ

ಕ್ಯಾಶ್ ಬಳಸುವುದಿಲ್ಲ ಅಂದಮೇಲೆ ಮೆಮೊರಿಯೂ ಬೇಡ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಡೈರೆಕ್ಟ್ ರೀಡ್‌ನಲ್ಲಿ ಕ್ಯಾಶಿನ ಖರ್ಚು ಉಳಿಯುತ್ತದೆ, ಬೇರೆ ಎರಡು ಖರ್ಚು ಬರುತ್ತದೆ.

ಮೊದಲನೆಯದು ನಿಮ್ಮ ಬಫರ್. ಒಂದೇ ಸಲಕ್ಕೆ 1 ಜಿಬಿ ಓದಲು ಕೇಳಿದರೆ 1 ಜಿಬಿ ಬಫರ್ ಬೇಕು. ಓದು ಮುಗಿಯುವವರೆಗೆ ಆ ಬಫರಿನ ಪೇಜುಗಳನ್ನು (ಮೆಮೊರಿಯ ಸಣ್ಣ ತುಣುಕುಗಳನ್ನು) ಕರ್ನಲ್ ಹಿಡಿದಿಟ್ಟಿರುತ್ತದೆ. ಅವನ್ನು ಬಿಟ್ಟುಕೊಡಲು ಆಗುವುದಿಲ್ಲ, ಬೇರೆ ಕಡೆ ಸರಿಸಲೂ ಆಗುವುದಿಲ್ಲ. ಕ್ಯಾಶ್ ಆಗಿದ್ದರೆ ಮೆಮೊರಿ ಕಮ್ಮಿ ಬಿದ್ದಾಗ ಕರ್ನಲ್ ತಾನಾಗಿಯೇ ಬಿಟ್ಟುಕೊಡುತ್ತಿತ್ತು. ದೊಡ್ಡ ಡೈರೆಕ್ಟ್ ರೀಡ್ ಸಣ್ಣ ಯಂತ್ರಕ್ಕೆ ಭಾರ ಆಗುವುದು ಇದರಿಂದಲೇ.

ಎರಡನೆಯದು ಕರ್ನಲ್‌ನ ಪಟ್ಟಿ. ನಿಮ್ಮ ಬಫರ್ 4 ಕೆಬಿ ಪೇಜುಗಳಾಗಿ ಮೆಮೊರಿಯಲ್ಲಿ ಚದುರಿರುತ್ತದೆ. ಯಾವ ಪೇಜ್ ಎಲ್ಲಿದೆ ಅಂತ ಕರ್ನಲ್ ಬರೆದಿಟ್ಟುಕೊಳ್ಳಬೇಕು. 64 ಬಿಟ್ ಯಂತ್ರದಲ್ಲಿ ಬಯೋವೆಕ್ ಅನ್ನುವ ಒಂದು ನಮೂದಿಗೆ 16 ಬೈಟ್ ಹಿಡಿಯುತ್ತದೆ. ಲೆಕ್ಕ ಹೀಗೆ:

- 4 ಎಂಬಿ ಓದಿಗೆ 1,024 ಪೇಜ್, ಪಟ್ಟಿಗೆ 16 ಕೆಬಿ
- 256 ಎಂಬಿ ಓದಿಗೆ 65,536 ಪೇಜ್, ಪಟ್ಟಿಗೆ 1 ಎಂಬಿ
- 1 ಜಿಬಿ ಓದಿಗೆ 2,62,144 ಪೇಜ್, ಪಟ್ಟಿಗೆ 4 ಎಂಬಿ

1 ಜಿಬಿಯ ಮುಂದೆ 4 ಎಂಬಿ ಯಾವ ಲೆಕ್ಕ ಅಂತ ಅನಿಸಬಹುದು. ತೊಂದರೆ ಇರುವುದು ಅದರ ಗಾತ್ರದಲ್ಲಿ ಅಲ್ಲ, ಅದಕ್ಕೆ ಎಂಥ ಜಾಗ ಬೇಕು ಅನ್ನುವುದರಲ್ಲಿ. ಕರ್ನಲ್‌ನ ಮಾಮೂಲಿ ಹಂಚಿಕೆ, ಕೆಮ್ಯಾಲಕ್, ಒಂದಕ್ಕೊಂದು ತಾಗಿಕೊಂಡಿರುವ ಜಾಗವನ್ನೇ ಕೊಡುತ್ತದೆ. ಸಾಮಾನ್ಯ ಪಿಸಿಯಲ್ಲಿ ಅದರ ಗರಿಷ್ಠ ಮಿತಿಯೇ 4 ಎಂಬಿ. ನೀರ್ಚಾಲಿನ ಒಂದು ಸ್ಟುಡಿಯೊದ ಹುಡುಗ ಕೇಳಿದ್ದೂ ಇದನ್ನೇ: "ಅಣ್ಣಾ, ಇದರಲ್ಲಿ 3 ಜಿಬಿ ಖಾಲಿ ಉಂಟು ಅಂತ ತೋರಿಸ್ತದೆ. ಮತ್ತೆ ಮೆಮೊರಿ ಇಲ್ಲ ಅಂತ ಯಾಕೆ ಹೇಳ್ತದೆ?" ಆಟದ ಬಯಲಿನಲ್ಲಿ ಅಲ್ಲಲ್ಲಿ ನೂರು ಕುರ್ಚಿ ಖಾಲಿ ಇರಬಹುದು, ಆದರೆ ಹತ್ತು ಜನರ ಕುಟುಂಬಕ್ಕೆ ಒಂದೇ ಸಾಲಿನಲ್ಲಿ ಸೀಟು ಸಿಗದೆ ಹೋಗಬಹುದು ಅಲ್ವಾ? ಇಲ್ಲಿಯೂ ಅಷ್ಟೇ.

ಹಾಗಾಗಿ ದೊಡ್ಡ ಪಟ್ಟಿಗೆ ಕರ್ನಲ್ ಇನ್ನೊಂದು ದಾರಿ ಹಿಡಿಯುತ್ತದೆ: ವಿಮ್ಯಾಲಕ್. ಅದು ಚದುರಿದ ಪೇಜುಗಳನ್ನು ಜೋಡಿಸಿ ಒಂದೇ ಸಾಲಿನ ಹಾಗೆ ತೋರಿಸುತ್ತದೆ. ಸ್ವಲ್ಪ ನಿಧಾನ, ಆದರೆ ಸಿಗುವ ಸಾಧ್ಯತೆ ಜಾಸ್ತಿ. ಲಿನಕ್ಸ್‌ನ ಎಸ್‌ಎಂಬಿ ಕ್ಲೈಂಟ್ 6.10 ಆವೃತ್ತಿಯಿಂದ ನೆಟ್‌ಎಫ್‌ಎಸ್ ಅನ್ನುವ ಸಾಮಾನ್ಯ ಲೈಬ್ರರಿಗೆ ಬದಲಾಗಿದೆ. ಅಲ್ಲಿ ಮೊದಲು ಕೆಮ್ಯಾಲಕ್ ನೋಡಿ, ಆಗದಿದ್ದರೆ ವಿಮ್ಯಾಲಕ್‌ಗೆ ಹೋಗುವ ವ್ಯವಸ್ಥೆ ಇದೆ. ಆದರೂ ಇಡೀ ಓದಿಗೆ ಒಂದೇ ಪಟ್ಟಿ.

ಎನ್‌ಎಫ್‌ಎಸ್ ಬೇರೆ ಥರ. ಅದು ಇಡೀ ಓದಿಗೆ ಒಂದು ಪಟ್ಟಿ ಮಾಡುವುದಿಲ್ಲ. ಆರ್‌ಸೈಜ್‌ನಷ್ಟು, ಅಂದರೆ ಒಂದು ನೆಟ್‌ವರ್ಕ್ ಕೋರಿಕೆಯ ಗಾತ್ರದಷ್ಟು, ಪೇಜುಗಳನ್ನು ಒಂದೊಂದು ಕಂತಿನಲ್ಲಿ ಹಿಡಿಯುತ್ತದೆ. ಆದರೆ ಒಂದು ಕಂತಿನ ಉತ್ತರಕ್ಕೆ ಕಾಯದೆ ಮುಂದಿನದ್ದನ್ನೂ ಕಳಿಸುತ್ತಾ ಹೋಗುತ್ತದೆ. ಪ್ರತಿ ಪೇಜಿಗೂ ಒಂದು ಸಣ್ಣ ದಾಖಲೆ ಬೇರೆ ಮಾಡುತ್ತದೆ. ಹಾಗಾಗಿ 1 ಜಿಬಿ ಕೇಳಿದರೆ ಇಲ್ಲಿಯೂ ಎರಡೂವರೆ ಲಕ್ಷಕ್ಕಿಂತ ಹೆಚ್ಚು ದಾಖಲೆ ಆಗುತ್ತದೆ.

ಹೆಜ್ಜೆ 3: ನಿಮ್ಮಲ್ಲಿ ಈಗ ಏನು ಮಿತಿ ಇದೆ ನೋಡಿ

ಎನ್‌ಎಫ್‌ಎಸ್ ಆದರೆ ಎನ್‌ಎಫ್‌ಎಸ್‌ಸ್ಟ್ಯಾಟ್ ಕಮಾಂಡಿಗೆ ಎಂ ಆಯ್ಕೆ ಕೊಟ್ಟು ಓಡಿಸಿ. ಆರ್‌ಸೈಜ್ ಎಷ್ಟು ಅಂತ ತೋರಿಸುತ್ತದೆ. ಲಿನಕ್ಸ್ ಕ್ಲೈಂಟ್‌ನಲ್ಲಿ ಇದರ ಗರಿಷ್ಠ 10,48,576 ಬೈಟ್, ಅಂದರೆ 1 ಎಂಬಿ. ನೀವು ಮೌಂಟ್ ಮಾಡುವಾಗ (ನಾಸ್ ಫೋಲ್ಡರನ್ನು ನಿಮ್ಮ ಯಂತ್ರಕ್ಕೆ ಜೋಡಿಸುವಾಗ) ಕೇಳಿದ್ದು 1 ಎಂಬಿ, ತೋರಿಸುವುದು ಕಮ್ಮಿ ಅಂತಾದರೆ ನಾಸ್ ಕಡೆ ಹೋಗಿ ನೋಡಿ.

ಈ ವಿಷಯ ಗೊತ್ತಿರುವವರು ಕಮ್ಮಿ. ಲಿನಕ್ಸ್‌ನ ಎನ್‌ಎಫ್‌ಎಸ್ ಸರ್ವರ್ ತನ್ನ ಗರಿಷ್ಠ ಬ್ಲಾಕ್ ಗಾತ್ರವನ್ನು ತನ್ನ ರ‍್ಯಾಮ್ ನೋಡಿ ತಾನೇ ತೀರ್ಮಾನ ಮಾಡುತ್ತದೆ. ಒಂದೊಂದು ಥ್ರೆಡ್ಡಿಗೆ (ಕೋರಿಕೆ ನಿಭಾಯಿಸುವ ಎಳೆಗೆ) ಒಟ್ಟು ಮೆಮೊರಿಯ 4096ರಲ್ಲಿ ಒಂದು ಪಾಲು ಅಂತ ಅದರ ಲೆಕ್ಕ. 4 ಜಿಬಿ ಇದ್ದರೆ 1 ಎಂಬಿ, 128 ಎಂಬಿ ಇದ್ದರೆ 32 ಕೆಬಿ. ಗಾತ್ರ ಅರ್ಧ ಅರ್ಧ ಆಗುತ್ತಾ ಇಳಿಯುವುದರಿಂದ, 4 ಜಿಬಿ ಅಂತ ಬರೆದಿರುವ ಪೆಟ್ಟಿಗೆಯಲ್ಲಿ ಕರ್ನಲ್‌ಗೆ ಸಿಗುವುದು ಅದಕ್ಕಿಂತ ಸ್ವಲ್ಪ ಕಮ್ಮಿಯಾದರೂ 512 ಕೆಬಿಗೆ ಇಳಿದುಬಿಡುತ್ತದೆ. ನಾಸ್‌ನ ಪ್ರಾಕ್ ಫೋಲ್ಡರಿನಲ್ಲಿ, ಎಫ್‌ಎಸ್ ಒಳಗೆ, ಎನ್‌ಎಫ್‌ಎಸ್‌ಡಿ ಒಳಗೆ ಮ್ಯಾಕ್ಸ್ ಬ್ಲಾಕ್ ಸೈಜ್ ಅನ್ನುವ ಫೈಲಿನಲ್ಲಿ ಈ ಸಂಖ್ಯೆ ಇರುತ್ತದೆ. ಬದಲಾಯಿಸುವುದಿದ್ದರೆ ಎನ್‌ಎಫ್‌ಎಸ್ ಸೇವೆ ಶುರುವಾಗುವ ಮೊದಲೇ ಬರೆಯಬೇಕು. ನನ್ನ ಅಭಿಪ್ರಾಯ: ಮುಟ್ಟಬೇಡಿ. 512 ಕೆಬಿಯಲ್ಲಿಯೂ ಗಿಗಾಬಿಟ್ ಕೇಬಲ್ ಪೂರ್ತಿ ತುಂಬುತ್ತದೆ.

ಎಸ್‌ಎಂಬಿ ಆದರೆ ಮೌಂಟ್ ಕಮಾಂಡನ್ನು ಸುಮ್ನೆ ಓಡಿಸಿ, ಆ ಸಾಲಿನಲ್ಲಿ ಆರ್‌ಸೈಜ್ ನೋಡಿ. ಕ್ಲೈಂಟ್ ಸಾಮಾನ್ಯವಾಗಿ 4 ಎಂಬಿ ಕೇಳುತ್ತದೆ. ಸರ್ವರ್‌ಗಳು ಒಪ್ಪುವುದು ಹೆಚ್ಚಾಗಿ 8 ಎಂಬಿವರೆಗೆ. ಎಸ್‌ಎಂಬಿಯಲ್ಲಿ ಕ್ರೆಡಿಟ್ ಅನ್ನುವ ಲೆಕ್ಕವೂ ಇದೆ. 64 ಕೆಬಿಗೆ ಒಂದು ಕ್ರೆಡಿಟ್, ಅಂದರೆ 4 ಎಂಬಿ ಕೋರಿಕೆಗೆ 64. ಸರ್ವರ್ ಕೊಟ್ಟಷ್ಟು ಕ್ರೆಡಿಟ್ ಮಾತ್ರ ನಿಮ್ಮದು. ಹಾಗಾಗಿ ನೀವು ಎಷ್ಟೇ ದೊಡ್ಡ ಓದು ಕೇಳಿದರೂ ತಂತಿಯಲ್ಲಿ ಒಮ್ಮೆಗೆ ಹೋಗುವುದು ಅಷ್ಟೇ. ಉಳಿದ ಬಫರ್ ಸುಮ್ನೆ ಮೆಮೊರಿ ಹಿಡಿದು ಕೂತಿರುತ್ತದೆ.

ಇವೆಲ್ಲದರ ಮೇಲೆ ಇನ್ನೊಂದು ಮಿತಿ ಇದೆ. ಲಿನಕ್ಸ್‌ನಲ್ಲಿ ಒಂದು ರೀಡ್ ಕರೆ ಹೆಚ್ಚೆಂದರೆ 2,14,74,79,552 ಬೈಟ್ ಮಾತ್ರ ತರುತ್ತದೆ, 2 ಜಿಬಿಗೆ ಒಂದು ಪೇಜ್ ಕಮ್ಮಿ. ಅದಕ್ಕಿಂತ ಜಾಸ್ತಿ ಕೇಳಿದರೆ ಎರರ್ ಬರುವುದಿಲ್ಲ, ಕಮ್ಮಿ ಬರುತ್ತದೆ ಅಷ್ಟೇ. ಎಷ್ಟು ಬಂತು ಅಂತ ನೋಡದ ಪ್ರೋಗ್ರಾಮ್ ಅಲ್ಲೇ ಎಡವುತ್ತದೆ.

ಹೆಜ್ಜೆ 4: ಎರರ್ ಕೊಟ್ಟದ್ದು ಯಾರು ಅಂತ ಪತ್ತೆ ಮಾಡಿ

'ಕೆನಾಟ್ ಅಲೊಕೇಟ್ ಮೆಮೊರಿ' ಅಂತ ಬಂದ ಕೂಡಲೇ ರ‍್ಯಾಮ್ ತರಲು ಅಂಗಡಿಗೆ ಓಡಬೇಡಿ. ಮೊದಲು ಎಸ್‌ಟ್ರೇಸ್ (ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸಾಧನ) ಹಾಕಿ ಪ್ರೋಗ್ರಾಮನ್ನು ಓಡಿಸಿ. ಎನೋಮೆಮ್ ಅನ್ನುವ ಎರರ್, ಮೆಮೊರಿ ಕೇಳುವ ಎಂಮ್ಯಾಪ್ ಕರೆಯ ಸಾಲಿನಲ್ಲಿ ಇದ್ದರೆ ನಿಮ್ಮ ಪ್ರೋಗ್ರಾಮಿಗೆ ಬಫರೇ ಸಿಗಲಿಲ್ಲ ಅಂತ ಅರ್ಥ. ಇರುವುದಕ್ಕಿಂತ ಹೆಚ್ಚು ಮೆಮೊರಿ ಕೊಡಬಹುದಾ ಅಂತ ಹೇಳುವ ಓವರ್‌ಕಮಿಟ್ ಸೆಟ್ಟಿಂಗ್ 2 (ಕೊಡಬೇಡ) ಆಗಿದ್ದರೆ ಹೀಗೆ ಆಗುವುದು ಜಾಸ್ತಿ. ರೀಡ್ ಅಥವಾ ಪಿರೀಡ್ ಸಾಲಿನಲ್ಲಿ ಇದ್ದರೆ ಬಫರ್ ಸಿಕ್ಕಿದೆ, ಕರ್ನಲ್‌ಗೆ ತನ್ನ ಪಟ್ಟಿಗೋ ದಾಖಲೆಗೋ ಜಾಗ ಸಿಗಲಿಲ್ಲ. ಎರರ್ ಏನೂ ಇಲ್ಲದೆ ಪ್ರೋಗ್ರಾಮ್ ಫಕ್ಕನೆ ಸತ್ತುಹೋದರೆ ಮೆಮೊರಿ ಮುಗಿದಾಗ ಪ್ರೋಗ್ರಾಮನ್ನು ನಿಲ್ಲಿಸುವ, ಕರ್ನಲ್‌ನ ಓಓಎಂ ಕಿಲ್ಲರ್ ಕೊಂದಿರುವ ಸಾಧ್ಯತೆ ಜಾಸ್ತಿ. ಕಂಟೇನರಿನ ಒಳಗೆ ಅಥವಾ ಸಿಸ್ಟಮ್‌ಡಿ ಮಿತಿಯ ಒಳಗೆ ಓಡಿಸುವಾಗ ಇದು ಸಾಮಾನ್ಯ.

ಎರಡನೇ ಸಂದರ್ಭದಲ್ಲಿ, ಅಂದರೆ ರೀಡ್ ಸಾಲಿನಲ್ಲಿ ಎರರ್ ಬಂದಾಗ, ಡಿಮೆಸೇಜ್ (ಕರ್ನಲ್‌ನ ಸಂದೇಶಗಳ ಪಟ್ಟಿ) ನೋಡಿ. 'ಪೇಜ್ ಅಲೊಕೇಶನ್ ಫೇಲ್ಯೂರ್' ಅನ್ನುವ ಸಾಲಿದ್ದರೆ ಅದರ ಪಕ್ಕದ ಆರ್ಡರ್ ಸಂಖ್ಯೆ ಮುಖ್ಯ. ಆರ್ಡರ್ 0 ಅಂದರೆ ಒಂದೇ ಪೇಜೂ ಸಿಗಲಿಲ್ಲ, ಅಂದರೆ ನಿಜವಾಗಿಯೂ ಮೆಮೊರಿ ಮುಗಿದಿದೆ. ಆರ್ಡರ್ 10 ಅಂದರೆ ತಾಗಿಕೊಂಡ 1,024 ಪೇಜ್, 4 ಎಂಬಿ, ಒಟ್ಟಿಗೆ ಸಿಗಲಿಲ್ಲ. ಆಗ ಪ್ರಾಕ್ ಫೋಲ್ಡರಿನ ಬಡ್ಡಿಇನ್ಫೊ ಫೈಲ್ ತೆರೆಯಿರಿ. ಅದರಲ್ಲಿ 11 ಅಂಕಣ ಇರುತ್ತದೆ. ಎಡದ ಮೊದಲನೆಯದು 4 ಕೆಬಿಯ ಖಾಲಿ ತುಂಡುಗಳ ಲೆಕ್ಕ, ಮುಂದಿನದು 8 ಕೆಬಿ, ಹೀಗೆ ದುಪ್ಪಟ್ಟಾಗುತ್ತಾ ಬಲತುದಿಯಲ್ಲಿ 4 ಎಂಬಿ. ಎಡಗಡೆ ಸಾವಿರಗಟ್ಟಲೆ, ಬಲಗಡೆ ಸೊನ್ನೆ ಅಂತಿದ್ದರೆ ಮೆಮೊರಿ ಚೂರುಚೂರಾಗಿದೆ. ಸ್ಟುಡಿಯೊದ ಆ ಹುಡುಗನ ಯಂತ್ರದಲ್ಲಿಯೂ ಬಲಗಡೆ ಸೊನ್ನೆಯೇ ಇತ್ತು. ವಾರಗಟ್ಟಲೆ ಆಫ್ ಮಾಡದೆ ಎಡಿಟಿಂಗ್ ನಡೆಯುತ್ತಿದ್ದ ಯಂತ್ರ ಅದು.

ಕಾಂಪ್ಯಾಕ್ಟ್ ಮೆಮೊರಿ ಅನ್ನುವ ಸಿಸ್‌ಸಿಟಿಎಲ್‌ಗೆ (ಕರ್ನಲ್ ಸೆಟ್ಟಿಂಗಿಗೆ) 1 ಬರೆದರೆ ಕರ್ನಲ್ ಚೂರುಗಳನ್ನು ಒಟ್ಟು ಮಾಡಲು ನೋಡುತ್ತದೆ. ತಾತ್ಕಾಲಿಕಕ್ಕೆ ಅದು ಸರಿ. ಓದು ನಡೆಯುತ್ತಿರುವಾಗ ಹಿಡಿದಿಟ್ಟ ಪೇಜುಗಳನ್ನು ಅದರಿಂದಲೂ ಸರಿಸಲು ಆಗುವುದಿಲ್ಲ. ನಿಜವಾದ ಪರಿಹಾರ ಮುಂದಿನ ಹೆಜ್ಜೆಯಲ್ಲಿದೆ.

ಹೆಜ್ಜೆ 5: ತುಂಡಿನ ಗಾತ್ರ ತೀರ್ಮಾನ ಮಾಡಿ

ಈ ಇಡೀ ಬರಹದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಮಿತಿಯನ್ನು ಏರಿಸುವ ಅಗತ್ಯವೇ ಇಲ್ಲ, ತುಂಡನ್ನು, ಅಂದರೆ ಒಂದು ಸಲಕ್ಕೆ ಓದಲು ಕೇಳುವ ಗಾತ್ರವನ್ನು, ಸಣ್ಣದು ಮಾಡಿ. ವೇಗ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಯಾಕೆ ಅಂತ ಲೆಕ್ಕ ನೋಡಿ. ಗಿಗಾಬಿಟ್ ಕೇಬಲ್ ಸೆಕೆಂಡಿಗೆ 125 ಎಂಬಿ ಸಾಗಿಸಬಲ್ಲದು. ಮನೆಯೊಳಗಿನ ನೆಟ್‌ವರ್ಕಿನಲ್ಲಿ ಕೋರಿಕೆ ಹೋಗಿ ಉತ್ತರ ಬರಲು 1 ಮಿಲಿಸೆಕೆಂಡ್ ಹಿಡಿಯುತ್ತದೆ ಅಂತ ಧಾರಾಳವಾಗಿಯೇ ಇಟ್ಟುಕೊಳ್ಳೋಣ. ಕೇಬಲ್ ಯಾವಾಗಲೂ ತುಂಬಿರಬೇಕಾದರೆ ದಾರಿಯಲ್ಲಿ ಇರಬೇಕಾದ ಡೇಟಾ 125 ಕೆಬಿ. ಅಷ್ಟೇ. ನಾಸ್‌ನ ಹಾರ್ಡ್‌ಡಿಸ್ಕ್ ತಡವರಿಸುವುದಕ್ಕೂ ಸೇರಿಸಿ 4 ಎಂಬಿ ಇಟ್ಟರೆ ಧಾರಾಳ ಆಯಿತು. ಎನ್‌ಎಫ್‌ಎಸ್‌ನಲ್ಲಿ 4 ಎಂಬಿಯ ಒಂದು ಡೈರೆಕ್ಟ್ ರೀಡ್ ಕೇಳಿದರೆ ಅದು 1 ಎಂಬಿಯ ನಾಲ್ಕು ಕೋರಿಕೆಯಾಗಿ ಒಟ್ಟಿಗೇ ಹೊರಡುತ್ತದೆ. ಕರ್ನಲ್‌ಗೆ ಹಿಡಿಯುವ ಪಟ್ಟಿಯ ಜಾಗ ಕೆಲವೇ ಕೆಬಿ. ಅಂಥ ಜಾಗ ಎಷ್ಟು ಚೂರಾದ ಮೆಮೊರಿಯಲ್ಲೂ ಸಿಕ್ಕೇ ಸಿಗುತ್ತದೆ.

ಒಟ್ಟು ಮೆಮೊರಿ ಲೆಕ್ಕ ಸುಲಭ: ತುಂಡಿನ ಗಾತ್ರ × ಒಮ್ಮೆಗೆ ಬಾಕಿ ಇರುವ ಓದುಗಳು × ಒಟ್ಟಿಗೆ ಓಡುವ ಕೆಲಸಗಳು. 4 ಎಂಬಿ ತುಂಡು, 2 ಓದು, 1 ಕೆಲಸ ಅಂದರೆ 8 ಎಂಬಿ. ಇನ್ನೊಬ್ಬರು 16 ಎಂಬಿ ತುಂಡು, 64 ಓದು, 8 ಕೆಲಸ ಅಂತ ಹಾಕಿದರೆ 8 ಜಿಬಿ ಆಯಿತು. 8 ಜಿಬಿ ರ‍್ಯಾಮ್ ಇರುವ ಯಂತ್ರ ಅಲ್ಲಿಗೇ ಮಲಗಿತು. ವೇಗ ಎರಡರಲ್ಲೂ ಅದೇ, ಯಾಕೆಂದರೆ ಕೇಬಲ್ ಒಂದೇ.

ಹೆಜ್ಜೆ 6: ಪರೀಕ್ಷೆ ಮಾಡಿ

ಡಿಡಿ ಕಮಾಂಡಿಗೆ ನಾಸ್‌ನ ಒಂದು ದೊಡ್ಡ ಫೈಲ್ ಕೊಡಿ. ಇನ್‌ಪುಟ್ ಫ್ಲ್ಯಾಗ್ ಡೈರೆಕ್ಟ್, ಬ್ಲಾಕ್ ಗಾತ್ರ 1 ಎಂಬಿ, ಔಟ್‌ಪುಟ್ ಡೆವ್ ನಲ್ (ಬಂದದ್ದನ್ನು ಎಸೆದುಬಿಡುವ ಜಾಗ). ಸೆಕೆಂಡಿಗೆ ಎಷ್ಟು ಎಂಬಿ ಬಂತು ಬರೆದಿಟ್ಟುಕೊಳ್ಳಿ. ಹಾಗೆಯೇ 4, 16, 64 ಎಂಬಿಗೂ ಮಾಡಿ. ಒಂದು ಹಂತದ ನಂತರ ವೇಗ ಏರುವುದು ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗಬೇಡಿ. ಬ್ಲಾಕ್ ಗಾತ್ರ 1 ಜಿಬಿ ಕೊಡುವ ಅಭ್ಯಾಸ ಹಲವರಿಗೆ ಇದೆ. ಡಿಡಿ ಅಷ್ಟೂ ಗಾತ್ರದ ಬಫರ್ ಮಾಡಿ ಒಂದೇ ಕರೆಯಲ್ಲಿ ಕೇಳುತ್ತದೆ. ಮೇಲೆ ಹೇಳಿದ ಎಲ್ಲಾ ತೊಂದರೆಯನ್ನೂ ಕರೆದು ತಂದ ಹಾಗೆ ಆಗುತ್ತದೆ.

ಓದು ನಿಜಕ್ಕೂ ಡೈರೆಕ್ಟ್ ಆಗಿಯೇ ಆಯಿತಾ ಅಂತ ತಿಳಿಯಲು ಎನ್‌ಎಫ್‌ಎಸ್‌ನಲ್ಲಿ ಒಳ್ಳೆಯ ದಾರಿ ಇದೆ. ಪ್ರಾಕ್, ಸೆಲ್ಫ್, ಮೌಂಟ್‌ಸ್ಟ್ಯಾಟ್ಸ್ ಫೈಲಿನಲ್ಲಿ ನಿಮ್ಮ ಮೌಂಟಿನ ಕೆಳಗೆ ಬೈಟ್ಸ್ ಅನ್ನುವ ಸಾಲು ಇರುತ್ತದೆ. ಅದರ ಮೂರನೇ ಸಂಖ್ಯೆ ಡೈರೆಕ್ಟ್ ಆಗಿ ಓದಿದ ಬೈಟುಗಳು. ಮೊದಲು ಒಮ್ಮೆ ನೋಡಿ, ಓದಿ ಮುಗಿದ ಮೇಲೆ ಇನ್ನೊಮ್ಮೆ ನೋಡಿ. ವ್ಯತ್ಯಾಸ ಫೈಲಿನ ಗಾತ್ರಕ್ಕೆ ಸರಿಹೊಂದಬೇಕು. ಮೊದಲನೇ ಸಂಖ್ಯೆ ಏರಿದ್ದರೆ ಅದು ಮಾಮೂಲಿ ಓದು.

ಹೆಜ್ಜೆ 7: ಪರಿಶೀಲನೆಯ ಪ್ರೋಗ್ರಾಮ್

ಡಿಡಿಯ ಔಟ್‌ಪುಟ್ಟನ್ನು ಪೈಪ್ ಮಾಡಿ, ಚೆಕ್‌ಸಮ್ ತೆಗೆಯುವ ಶಾ256ಸಮ್‌ಗೆ ಕೊಟ್ಟರೆ ಅದೇ ಒಂದು ಪರಿಶೀಲನೆಯ ಸಾಧನ. ಹೆಚ್ಚಿನವರಿಗೆ ಇದು ಸಾಕು. ಪೈಥಾನ್‌ನಲ್ಲಿ ಬರೆಯುವವರು ಇಷ್ಟು ಗಮನಿಸಿ.

ಓಎಸ್ ಮಾಡ್ಯೂಲಿನ ಓಪನ್ ಬಳಸಿ, ಓ-ಡೈರೆಕ್ಟ್ ಫ್ಲ್ಯಾಗ್ ಸೇರಿಸಿ. ಬಫರನ್ನು ಎಂಮ್ಯಾಪ್ ಮಾಡ್ಯೂಲಿನಿಂದ ಮಾಡಿ, ಫೈಲ್ ಸಂಖ್ಯೆಯ ಜಾಗದಲ್ಲಿ ಮೈನಸ್ 1, ಗಾತ್ರ 4 ಎಂಬಿ. ಹೀಗೆ ಮಾಡಿದ ಬಫರ್ ಪೇಜ್ ಗಡಿಯಲ್ಲೇ ಶುರುವಾಗುತ್ತದೆ. ಎನ್‌ಎಫ್‌ಎಸ್ ಕ್ಲೈಂಟ್ ಈ ಗಡಿಯನ್ನು ಕೇಳುವುದಿಲ್ಲ, ಆದರೆ ಅದೇ ಪ್ರೋಗ್ರಾಮನ್ನು ಸ್ಥಳೀಯ ಡಿಸ್ಕಿನ ಮೇಲೆ ಓಡಿಸಿದರೆ ಗಡಿ ತಪ್ಪಿದ ಓದಿಗೆ ಸಾಮಾನ್ಯವಾಗಿ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ಬರುತ್ತದೆ. ಆಮೇಲೆ ಪಿರೀಡ್‌ವಿ ಬಳಸಿ ಆ ಒಂದೇ ಬಫರಿಗೆ ಮತ್ತೆ ಮತ್ತೆ ಓದಿ. ಪ್ರತಿ ಸಲ ಎಷ್ಟು ಬೈಟ್ ಬಂತೋ ಅಷ್ಟನ್ನು ಮಾತ್ರ ಹ್ಯಾಶ್‌ಗೆ ಕೊಡಿ, ಪೂರ್ತಿ ಬಫರನ್ನು ಅಲ್ಲ. ಫೈಲಿನ ಕೊನೆಯ ತುಂಡು ಸಾಮಾನ್ಯವಾಗಿ 4 ಎಂಬಿಗಿಂತ ಕಮ್ಮಿ ಇರುತ್ತದೆ. ಸೊನ್ನೆ ಬಂದಾಗ ನಿಲ್ಲಿಸಿ. ಸುತ್ತಿಗೊಂದು ಹೊಸ ಬಫರ್ ಮಾಡಬೇಡಿ.

ಎಸ್‌ಎಂಬಿಯಲ್ಲಿ ಇನ್ನೊಂದು ದಾರಿ ಇದೆ. ಕ್ಯಾಶ್ ಆಯ್ಕೆಯನ್ನು 'ನನ್' ಅಂತ ಕೊಟ್ಟು ಮೌಂಟ್ ಮಾಡಿದರೆ ಮಾಮೂಲಿ ಓದೂ ಕ್ಯಾಶ್ ಬಿಟ್ಟೇ ನಡೆಯುತ್ತದೆ. ಆದರೆ ಅದೇ ಮೌಂಟಿನಲ್ಲಿ ಎಡಿಟಿಂಗ್ ಮಾಡಬೇಡಿ. ಎಡಿಟಿಂಗ್ ಸಾಫ್ಟ್‌ವೇರ್ ಮಾಡುವ ಸಣ್ಣ ಸಣ್ಣ ಓದೆಲ್ಲ ಒಂದೊಂದಾಗಿ ನಾಸ್‌ಗೆ ಹೋಗಿ ಕೆಲಸ ತೆವಳುತ್ತದೆ.

ಹೆಜ್ಜೆ 8: ಬೇಲಿ ಹಾಕಿ

ಪರಿಶೀಲನೆ ಓಡುವಾಗಲೇ ಅದೇ ಯಂತ್ರದಲ್ಲಿ ಎಡಿಟಿಂಗ್ ನಡೆಯುತ್ತದೆ ಅಂತಾದರೆ ಪ್ರೋಗ್ರಾಮನ್ನು ಸಿಸ್ಟಮ್‌ಡಿ-ರನ್ ಮೂಲಕ, ಸ್ಕೋಪ್ ಆಯ್ಕೆ ಹಾಕಿ, ಮೆಮೊರಿಮ್ಯಾಕ್ಸ್ 256 ಎಂಬಿ ಅಂತ ಕೊಟ್ಟು ಓಡಿಸಿ. 4 ಎಂಬಿ ಬಫರಿನ ಪ್ರೋಗ್ರಾಮಿಗೆ ಇದು ಬೇಕಾದಷ್ಟು. ಯಾರಾದರೂ ಮುಂದೆ ತುಂಡನ್ನು ದೊಡ್ಡದು ಮಾಡಿದರೂ ಆ ಪ್ರೋಗ್ರಾಮ್ ಒಂದೇ ಬೀಳುತ್ತದೆ, ನಡೆಯುತ್ತಿರುವ ಎಡಿಟಿಂಗ್ ಅಲ್ಲ.

ನಾಸ್ ಕಡೆಯೂ ಸ್ವಲ್ಪ ನೋಡಿ. ಎನ್‌ಎಫ್‌ಎಸ್ ಸರ್ವರಿನ ಒಂದೊಂದು ಥ್ರೆಡ್ಡೂ ಒಂದು ಪೂರ್ತಿ ಕೋರಿಕೆಗೆ ಆಗುವಷ್ಟು ಪೇಜ್ ಇಟ್ಟುಕೊಳ್ಳುತ್ತದೆ. ಬ್ಲಾಕ್ ಗಾತ್ರ 1 ಎಂಬಿ ಇದ್ದು 64 ಥ್ರೆಡ್ ಹಾಕಿದರೆ 64 ಎಂಬಿ ಅದಕ್ಕೇ ಹೋಯಿತು. ಎರಡು ಮೂರು ಕಂಪ್ಯೂಟರ್ ಇರುವ ಸ್ಟುಡಿಯೊಗೆ 8 ಥ್ರೆಡ್ ಸಾಕು.

ಏರಿಸಿ ಪ್ರಯೋಜನವಿಲ್ಲದ ಮಿತಿಗಳು

ಮೆಮ್‌ಲಾಕ್ ಮಿತಿಯನ್ನು (ಪ್ರೋಗ್ರಾಮ್ ಎಷ್ಟು ಮೆಮೊರಿಗೆ ಬೀಗ ಹಾಕಿ ಇಟ್ಟುಕೊಳ್ಳಬಹುದು ಅನ್ನುವುದನ್ನು) ಅನ್‌ಲಿಮಿಟೆಡ್ ಮಾಡಿ ಅಂತ ತುಂಬ ಜನ ಹೇಳುತ್ತಾರೆ. ಮಾಮೂಲಿ ಡೈರೆಕ್ಟ್ ರೀಡ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಐಓ-ಯೂರಿಂಗ್‌ನಲ್ಲಿ (ಹಲವು ಓದನ್ನು ಒಟ್ಟಿಗೆ ಕೇಳುವ ಲಿನಕ್ಸ್ ವಿಧಾನದಲ್ಲಿ) ಬಫರನ್ನು ಮೊದಲೇ ನೋಂದಾಯಿಸುವವರಿಗೆ ಮಾತ್ರ ಅದು ಬೇಕು. ಅಲ್ಲಿ ಒಂದು ಬಫರಿಗೆ 1 ಜಿಬಿ ಮಿತಿಯೂ ಇದೆ. 5.16ನೇ ಕರ್ನಲ್‌ನಿಂದ ಮೆಮ್‌ಲಾಕ್‌ನ ಡೀಫಾಲ್ಟ್ 64 ಕೆಬಿಯಿಂದ 8 ಎಂಬಿಗೆ ಏರಿದೆ. ಎಐಓ ಮ್ಯಾಕ್ಸ್ ಎನ್‌ಆರ್ ಅನ್ನುವುದು ಇಡೀ ಯಂತ್ರದಲ್ಲಿ ಎಷ್ಟು ಅಸಿಂಕ್ ಕೋರಿಕೆ ಇರಬಹುದು ಅನ್ನುವ ಲೆಕ್ಕ. ಡೀಫಾಲ್ಟ್ 65,536. ಅದು ಬೈಟ್ ಲೆಕ್ಕ ಅಲ್ಲ, ಇಲ್ಲಿಯ ಎರರಿಗೂ ಅದಕ್ಕೂ ಸಂಬಂಧ ಇಲ್ಲ. ಎನ್‌ಎಫ್‌ಎಸ್ ಮೌಂಟಿಗೆ ಒಂದಕ್ಕಿಂತ ಹೆಚ್ಚು ಕನೆಕ್ಷನ್ ಕೊಡುವ ಎನ್‌ಕನೆಕ್ಟ್ ಆಯ್ಕೆ 5.3ನೇ ಕರ್ನಲ್‌ನಿಂದ ಇದೆ, 16 ಕನೆಕ್ಷನ್‌ವರೆಗೆ ಕೊಡಬಹುದು. 10 ಗಿಗಾಬಿಟ್ ನೆಟ್‌ವರ್ಕ್ ಇದ್ದವರು ಪ್ರಯತ್ನಿಸಿ ನೋಡಬಹುದು. 1 ಗಿಗಾಬಿಟ್‌ಗೆ ಬೇಡ.

ಮಳೆಗಾಲದ ಕರೆಂಟು

ನಮ್ಮ ಕಡೆ ಜೂನ್ ತಿಂಗಳಿಂದ ಕರೆಂಟ್ ಹೋಗಿ ಬರುವುದು ಮಾಮೂಲಿ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ನಡೆಯುತ್ತಿರುತ್ತದೆ, ನಾಸ್ ಆಫ್ ಆಗಿರುತ್ತದೆ. ಎನ್‌ಎಫ್‌ಎಸ್ ಹಾರ್ಡ್ ಮೌಂಟ್ (ಉತ್ತರ ಬರುವವರೆಗೂ ಕಾಯುವ ಜೋಡಣೆ) ಆಗಿದ್ದರೆ ಡೈರೆಕ್ಟ್ ರೀಡ್ ಅಲ್ಲೇ ಕಾಯುತ್ತಾ ನಿಲ್ಲುತ್ತದೆ. ಹಿಡಿದಿಟ್ಟ ಪೇಜುಗಳೂ ಹಾಗೆಯೇ ಇರುತ್ತವೆ. 4 ಎಂಬಿ ತುಂಡಿನ ಪ್ರೋಗ್ರಾಮ್ ಆದರೆ ನಿಮಗೆ ಗೊತ್ತೂ ಆಗುವುದಿಲ್ಲ, ನಾಸ್ ಮರಳಿದ ಮೇಲೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. 2 ಜಿಬಿ ಕೇಳಿದ ಪ್ರೋಗ್ರಾಮ್ ಆದರೆ ಕರೆಂಟ್ ಬರುವವರೆಗೆ 2 ಜಿಬಿ ಬಂದಿ. ಇದರಿಂದ ತಪ್ಪಿಸಿಕೊಳ್ಳಲು, ಸ್ವಲ್ಪ ಹೊತ್ತು ಕಾದು ಎರರ್ ಕೊಡುವ ಸಾಫ್ಟ್ ಮೌಂಟ್ ಮಾಡುವವರಿದ್ದಾರೆ. ಮಾಡಬೇಡಿ. ಸಾಫ್ಟ್ ಮೌಂಟಿನಲ್ಲಿ ಟೈಮ್‌ಔಟ್ ಆದಾಗ ಬರಹ ಅರ್ಧಕ್ಕೇ ನಿಂತು ಫೈಲ್ ಸದ್ದಿಲ್ಲದೆ ಕೆಡುವ ಸಂದರ್ಭಗಳಿವೆ. ನಾಸ್‌ಗೂ ಸ್ವಿಚ್ಚಿಗೂ ಒಂದೇ ಯುಪಿಎಸ್ ಹಾಕಿ, ಮೌಂಟ್ ಹಾರ್ಡ್ ಆಗಿಯೇ ಇರಲಿ. ಕರೆಂಟ್ ಹೋದಾಗ ಕಾಪಿ ನಡೆಯುತ್ತಿದ್ದರೆ ಆ ಫೈಲಿನ ಚೆಕ್‌ಸಮ್ಮನ್ನು ಮೊದಲಿನಿಂದ ತೆಗೆಯಿರಿ.